ಒಂಬತ್ತನೇ ಬಂದರಿನ ದೀಪ

ನಾನು ಬರೆಯುವುದನ್ನು ಯಾರೂ ಓದುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಹತ್ತೊಂಬತ್ತು ವರ್ಷದಿಂದ ಅದೇ ನನ್ನ ಉದ್ಯೋಗ. ಟಕೋಮಾ ಊರಿನ ನಮ್ಮ ಕಂಪನಿ ‘ಒಂಬತ್ತು ಬಂದರು’ ಎಂಬ ಕಾರ್ಡಿನ ಆಟ ಮಾಡಿ ಮಾರುತ್ತದೆ. ಪ್ರತಿ ಕಾರ್ಡಿನ ಮೇಲರ್ಧದಲ್ಲಿ ಚಿತ್ರ, ಅದರ ಕೆಳಗೆ ಆ ಕಾರ್ಡು ಆಟದಲ್ಲಿ ಏನು ಮಾಡುತ್ತದೆಂಬ ನಿಯಮ, ಎಲ್ಲಕ್ಕಿಂತ ಕೆಳಗೆ ಓರೆ ಅಕ್ಷರದಲ್ಲಿ ಎರಡು ಸಾಲು ಕತೆ. ಆ ಎರಡು ಸಾಲು ನನ್ನದು. ಕಾರ್ಡು ಹಿಡಿದವರ ಹೆಬ್ಬೆರಳು ಸರಿಯಾಗಿ ಅದರ ಮೇಲೇ ಬಂದು ಕೂರುತ್ತದೆ.

ಓದಿದರೂ ಅದು ಅಲ್ಲಿ ಉಳಿಯುತ್ತದೆಂಬ ಖಾತ್ರಿಯಿಲ್ಲ. ನಮ್ಮಲ್ಲೊಂದು ಪದ್ಧತಿಯಿದೆ: ನಿಯಮ ಆರು ಸಾಲು ದಾಟಿದರೆ ಕತೆ ಹೋಗುತ್ತದೆ. ಯಾರನ್ನೂ ಕೇಳುವಂತಿಲ್ಲ, ಯಾರೂ ಹೇಳುವುದೂ ಇಲ್ಲ. ಹೊಸ ಕಾರ್ಡುಗಳು ಕಂತು ಕಂತಾಗಿ ಬರುತ್ತವೆ, ಒಂದೊಂದು ಕಂತನ್ನು ಸಂಚಿಕೆ ಎನ್ನುತ್ತೇವೆ. ಅದರ ಪೆಟ್ಟಿಗೆ ಆಫೀಸಿಗೆ ಬಂದ ದಿನ ನನ್ನ ಎಷ್ಟು ಸಾಲು ಉಳಿದಿವೆ ಎಂದು ನಾನೇ ಬಿಡಿಸಿ ನೋಡಿಕೊಳ್ಳಬೇಕು. ನಿಯಮ ಬರೆಯುವ ವೆಂಡೆಲ್ ನನ್ನ ಪಕ್ಕದ ಮೇಜಿನವನು, ಕಂಪನಿಗೆ ನನ್ನಷ್ಟೇ ಹಳಬ. ‘ನಿನ್ನ ಸಾಲು ಅಡುಗೆ ಮೇಲಿನ ಕೊತ್ತಂಬರಿ ಇದ್ದ ಹಾಗೆ ಮಾರಾಯ್ತಿ, ಇಲ್ದಿದ್ರೂ ಊಟ ಆಗತ್ತೆ’ ಅಂತ ಒಮ್ಮೆ ಅಂದಿದ್ದ. ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಅವನಿಗೆ ಅದು ಗೊತ್ತಾದದ್ದು ನಾಲ್ಕನೇ ದಿನ.

ನಮ್ಮ ಕಾರ್ಡುಗಳ ಲೋಕದಲ್ಲಿ ಕಡಲು ಆಗಾಗ ಹಿಂದೆ ಸರಿದು, ಹಡಗುಗಳೆಲ್ಲ ವರ್ಷಗಟ್ಟಲೆ ಕೆಸರಿನಲ್ಲಿ ಕೂರುತ್ತವೆ. ಆಡುವವರು ಒಂದೊಂದು ಬಂದರಿನ ಒಡೆಯರು. ಎಂಟು ಬಂದರುಗಳಲ್ಲಿ ಯುದ್ಧ, ಮಾಟ, ಮೀನುಮೈಯ ರಾಜರು, ಎಲ್ಲ ಇವೆ. ಒಂಬತ್ತನೆಯದರಲ್ಲಿ ಏನೂ ಇಲ್ಲ. ಮೇಲಿನವರು ಅದನ್ನು ಹೆಸರಿಗೆಂದು ಇಟ್ಟು ಮರೆತಿದ್ದರು, ನಾನು ಎತ್ತಿಕೊಂಡೆ. ಅಲ್ಲಿ ದೀಪ ಕಾಯುವ ಓರ್ಸಾ ಎಂಬ ಹೆಂಗಸನ್ನು ಮಾಡಿ, ಯಾರೂ ಕಾಳಜಿ ಮಾಡದ ಅಗ್ಗದ ಕಾರ್ಡುಗಳ ಕೆಳಗೆ, ವರ್ಷಕ್ಕೆ ಎರಡೋ ಮೂರೋ ಸಾಲಿನಂತೆ ಅವಳ ಕತೆ ಬರೆಯುತ್ತ ಬಂದೆ. ಎಣ್ಣೆಯ ಪೀಪಾಯಿಯ ಕಾರ್ಡಿನಲ್ಲಿ ಹೀಗಿದೆ: ‘ಹಡಗು ಬಂದರೆ ಎಣ್ಣೆ ಕೊಡುತ್ತೇವೆ ಎಂದರು. ದೀಪವಿಲ್ಲದೆ ಹಡಗು ಬರುವುದು ಹೇಗೆಂದು ಓರ್ಸಾ ಕೇಳಲಿಲ್ಲ.’ ಆ ಸಾಲಿನ ಮೇಲೆ ನನಗೆ ಈಗಲೂ ಹೆಮ್ಮೆಯಿದೆ.

ಅದನ್ನೆಲ್ಲ ಓದುತ್ತಿದ್ದವರು ನನಗೆ ತಿಳಿದಂತೆ ಒಬ್ಬರೇ. ಡ್ವೇನ್ ಓಸ್ಟರ್, ಬೆಟ್ಟದಾಚೆಯ ಗೋಧಿ ಸೀಮೆಯ ರಿಟ್ಸ್‌ವಿಲ್ ಊರಿನವರು. ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ಅಭಿಮಾನಿ ಪತ್ರ ಎಂದುಕೊಂಡರೆ ನಿಮಗೆ ನಿರಾಸೆಯಾದೀತು. ಅವರು ಬರೆಯುತ್ತಿದ್ದದ್ದು ತಪ್ಪು ಹಿಡಿದು. ‘ತಪ್ಪು 17: ಎರಡನೇ ಸಂಚಿಕೆಯಲ್ಲಿ ನಾಲ್ಕನೇ ಬಂದರಿನ ಗಂಟೆ ಕಂಚಿನದು, ಐದನೆಯದರಲ್ಲಿ ಕಬ್ಬಿಣದ್ದು.’ ಕೆಳಗೆ ಸಹಿ. ಒಂಬತ್ತು ವರ್ಷದಲ್ಲಿ ನಲವತ್ತೊಂದು ಪತ್ರ. ಪ್ರತಿ ಸಲವೂ ಮೈ ಉರಿಯುತ್ತಿತ್ತು. ಎರಡು ತಿಂಗಳು ಬರದಿದ್ದರೆ ಅಂಚೆಯ ತಟ್ಟೆಯ ಕಡೆ ನಾನೇ ಎದ್ದು ಹೋಗಿ ನೋಡುತ್ತಿದ್ದೆ.

ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಬಂದ ಪತ್ರಕ್ಕೆ ಸಂಖ್ಯೆ ಇರಲಿಲ್ಲ. ‘ಎರಡನೇ ಸಂಚಿಕೆ, ದೀಪದ ಕಾರ್ಡು: ನಾವಿಕ ಬ್ರಾಮ್ ಬರುವ ದಾರಿ ಕಾಣಲೆಂದು ಓರ್ಸಾ ಮೊದಲ ಸಲ ದೀಪ ಹಚ್ಚಿದಳು. ಮೂರನೇ ಸಂಚಿಕೆ, ಸುಳಿಯ ಕಾರ್ಡು: ಮಹಾ ಇಳಿತದ ವರ್ಷ ಈ ಸುಳಿ ಬ್ರಾಮನನ್ನು ನುಂಗಿತು, ಓರ್ಸಾ ದಡದಲ್ಲಿದ್ದಳು. ಮಹಾ ಇಳಿತ ಆದದ್ದು ದೀಪ ಹಚ್ಚುವುದಕ್ಕಿಂತ ಎರಡು ವರ್ಷ ಮೊದಲು. ಅವನು ಮುಳುಗಿದ್ದನ್ನು ಕಣ್ಣಾರೆ ಕಂಡವಳು ಅವನಿಗೆಂದು ದೀಪ ಹಚ್ಚಿದಳು. ಇದು ತಪ್ಪೋ, ಅಥವಾ ಅವಳಿಗೆ ಗೊತ್ತಿತ್ತೋ? ಇದಕ್ಕೆ ಉತ್ತರ ಬರುವವರೆಗೆ ಬೇರೆ ತಪ್ಪು ಹಿಡಿಯುವುದಿಲ್ಲ.’

ತಪ್ಪು. ಶುದ್ಧ ತಪ್ಪು. ಸುಳಿಯ ಕಾರ್ಡಿಗೆ ಬರೆದಿದ್ದ ಸಾಲನ್ನು ಯಾರೋ ಬೇಡವೆಂದಿದ್ದರು, ಅಚ್ಚಿಗೆ ಹೋಗಲು ಅರ್ಧ ಗಂಟೆಯಿತ್ತು, ಕೈಗೆ ಬಂದ ಹೆಸರು ಬ್ರಾಮ್. ದೀಪದ ನೆನಪೇ ನನಗಿರಲಿಲ್ಲ. ಅಷ್ಟು ವರ್ಷ ಓರ್ಸಾಳನ್ನು ಸಾಕಿದ ನಾನೇ ಈ ಎಡವಟ್ಟು ಮಾಡಿ, ಅದು ಇನ್ನೊಬ್ಬರು ಹೇಳುವ ತನಕ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಪತ್ರ ನನ್ನ ಕೈ ಸೇರುವ ಮೊದಲೇ ಕೀಗನ್ ಓದಿದ್ದ. ಆ ವರ್ಷವಷ್ಟೇ ಸೇರಿದ ಹುಡುಗ ಅವನು, ಇಪ್ಪತ್ತೊಂಬತ್ತು ವಯಸ್ಸು, ಕತೆಗಳ ತಾಳಮೇಳ ನೋಡುವುದು ಅವನ ಕೆಲಸ. ಕಂಪನಿ ಕಟ್ಟಿದವರು ಹಾಕಿಟ್ಟ ಒಂದು ಮಾತಿದೆ, ನಮ್ಮ ಗೋಡೆಯ ಮೇಲೂ ಇದೆ: ಅಚ್ಚಾದದ್ದೇ ನಿಜ. ಆಡುವವರು ಅದನ್ನು ದೇವರ ಮಾತಿನಂತೆ ಹಿಡಿದಿದ್ದಾರೆ. ಅಚ್ಚಾದ ಎರಡು ಕಾರ್ಡು ಒಂದಕ್ಕೊಂದು ಕಾದಾಡಿದರೆ ಏನು ಎಂಬುದಕ್ಕೆ ಉತ್ತರವಿರಲಿಲ್ಲ. ಕೀಗನ್ ಅದಕ್ಕೆಂದು ಒಂದು ತಿದ್ದುಪಡಿ ಪಟ್ಟಿ ಮಾಡಿ ಕಂಪನಿಯ ಜಾಲತಾಣದಲ್ಲಿ ಹಾಕಲು ಹೊರಟಿದ್ದ.

“ಸುಳಿಯ ಸಾಲು ರದ್ದು ಮಾಡ್ತೀನಿ ಮಾರ್ಲಿಸ್. ಬ್ರಾಮ್ ಮುಳುಗಲಿಲ್ಲ, ಬದುಕಿದಾನೆ, ಬರ್ತಾ ಇದಾನೆ. ಸುಲಭ ಅಲ್ವಾ?”

“ಸುಲಭ” ಅಂದೆ. ಮನಸ್ಸು ಒಪ್ಪಲಿಲ್ಲ. “ಮೂರು ವಾರ ತಡಿ. ಪತ್ರ ಬರೆದವರ ಹತ್ರ ಒಂದು ಮಾತಾಡ್ತೀನಿ.”

“ಆಡೋರ ಹತ್ರ ಯಾಕೆ ಕೇಳ್ಬೇಕು?”

“ನಿನಗೆ ಹೇಳಿದ್ರೆ ಅರ್ಥ ಆಗಲ್ಲ, ತಡಿ ಅಂದ್ರೆ ತಡಿ.”

ನವೆಂಬರಿನ ಒಂದು ಶನಿವಾರ ಕಾರು ಹತ್ತಿದೆ. ಘಟ್ಟದ ಮೇಲೆ ಹಿಮ ಆಗಲೇ ಬಿದ್ದಿತ್ತು. ದೊಡ್ಡ ನದಿ ದಾಟಿದ ಮೇಲೆ ಮರವೆಂಬುದು ಇಲ್ಲ, ಕೊಯ್ದ ಗೋಧಿ ಹೊಲ, ಅದಾದ ಮೇಲೆ ಇನ್ನೊಂದು ಕೊಯ್ದ ಗೋಧಿ ಹೊಲ. ಆ ಕತೆಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ನನ್ನ ಅವಸರದ ತಪ್ಪು ಎಂದು ಮುಖ ಕೊಟ್ಟು ಹೇಳಿ ಬರುವುದು ನನ್ನ ಉದ್ದೇಶ. ಪತ್ರದಲ್ಲೂ ಹೇಳಬಹುದಿತ್ತು. ಅಷ್ಟು ವರ್ಷದಲ್ಲಿ ಸಿಕ್ಕ ಒಬ್ಬರೇ ಓದುಗರು ಹೇಗಿರುತ್ತಾರೆಂದು ನೋಡುವ ಆಸೆ ನನಗಿತ್ತು. ಮನೆಯಲ್ಲಿ ಶನಿವಾರ ನನಗೆ ಬೇರೆ ಕೆಲಸವೂ ಇರಲಿಲ್ಲ. ಬಟ್ಟೆ ಒಗೆಯುವುದು ಭಾನುವಾರ.

ಡ್ವೇನ್ ಬಾಗಿಲು ತೆಗೆದರು. ಎಪ್ಪತ್ತೈದು ದಾಟಿದ ನೀಳ ದೇಹ, ಎರಡು ಗುಂಡಿ ತಪ್ಪಾಗಿ ಹಾಕಿದ ಅಂಗಿ. ನಲವತ್ತು ವರ್ಷ ಊರಿನ ಗೋಧಿ ಕಣಜದಲ್ಲಿ ತೂಕ ನೋಡಿದ್ದರಂತೆ. ತಪ್ಪು ಹಿಡಿಯುವ ಚಟ ಎಲ್ಲಿಂದ ಬಂತೆಂದು ಗೊತ್ತಾಯಿತು.

“ನೀವೇನಾ ಬರಿಯೋರು?” ಅಂದರು. “ಇನ್ನೂ ಚಿಕ್ಕೋರು ಅಂದ್ಕೊಂಡಿದ್ದೆ.”

“ನೀವು ಇನ್ನೂ ಜಗಳಗಂಟರು ಅಂದ್ಕೊಂಡಿದ್ದೆ.”

“ಬನ್ನಿ ಮೇಡಂ. ಮೇಜು ಮಾತ್ರ ಮುಟ್ಬೇಡಿ, ಬುಧವಾರದ ಆಟ ಇನ್ನೂ ಮುಗಿದಿಲ್ಲ.”

ಅಡುಗೆಮನೆಯ ಮೇಜಿನ ಮೇಲೆ ಎರಡು ಕಡೆಯೂ ಕಾರ್ಡು ಹರಡಿದ್ದವು. ಈ ಕಡೆ ಒಂದು ಕುರ್ಚಿ, ಆ ಕಡೆ ಒಂದು ಕುರ್ಚಿ. ಆ ಕಡೆಯ ಕುರ್ಚಿಯನ್ನು ಯಾರೋ ಈಗ ತಾನೆ ಎದ್ದು ಹೋದಂತೆ ಸ್ವಲ್ಪ ಹಿಂದಕ್ಕೆ ಎಳೆದಿಟ್ಟಿದ್ದರು. ನಾವು ಒಲೆಯ ಹತ್ತಿರ ನಿಂತೇ ಕಾಫಿ ಕುಡಿದೆವು.

“ಯಾರ ಜೊತೆ ಆಡ್ತೀರಿ?” ಎಂದೆ.

“ಎಲ್ಡನ್ ಜೊತೆ. ಕಣಜದಲ್ಲಿ ನನ್ನ ಜೊತೆ ಇದ್ದವನು. ಹನ್ನೆರಡು ವರ್ಷ ಪ್ರತಿ ಬುಧವಾರ ಆಡಿದೀವಿ. ಅವನು ಸತ್ತು ನಾಲ್ಕು ವರ್ಷ ಆಯ್ತು.”

ನಾನು ಆ ಕಡೆಯ ಕುರ್ಚಿಯತ್ತ ತಿರುಗಿ ನೋಡಿದೆ.

“ಈಗ ಅವನ ಕೈ ನಾನೇ ಆಡ್ತೀನಿ. ಕದ್ದು ನೋಡಲ್ಲ. ಆ ಕಡೆ ಕೂತಾಗ ಈ ಕಡೆ ಏನಿದೆ ಅನ್ನೋದು ಮರೀಬೇಕು. ಕಷ್ಟ, ಆದ್ರೆ ರೂಢಿ ಆಗತ್ತೆ. ಅವನದೊಂದು ದಡ್ಡತನ ಇತ್ತು, ಹಡಗು ಸಿಕ್ಕ ತಕ್ಷಣ ನುಗ್ಗೋದು. ನಾನೂ ಹಾಗೇ ನುಗ್ಗಿಸ್ತೀನಿ. ಅವನ ಥರ ಆಡದಿದ್ರೆ ಅದು ನಾನೇ ಆಗ್ತೀನಲ್ಲ.”

“ಯಾರು ಗೆಲ್ತಾರೆ?”

“ಈ ತಿಂಗಳು ಅವನು ಮುಂದಿದಾನೆ” ಅಂದರು, ಸ್ವಲ್ಪ ಕಹಿಯಾಗಿ.

ನಗು ಬಂತು, ತಡೆದುಕೊಂಡೆ. ಅವರೂ ತಡೆದುಕೊಂಡಂತೆ ಕಂಡಿತು. ಆಮೇಲೆ ಲೋಟ ಕೆಳಗಿಟ್ಟು ನೇರವಾಗಿ ಕೇಳಿದರು.

“ಮೇಡಂ, ಒಂದು ಮಾತು. ಬ್ರಾಮ್ ಮುಳುಗಿದ್ದು ಓರ್ಸಾಗೆ ಗೊತ್ತಿತ್ತಾ ಇಲ್ವಾ? ಗೊತ್ತಿಲ್ದೆ ದೀಪ ಹಚ್ಚಿದ್ರೆ ಅವಳು ಪಾಪ, ಮೋಸ ಹೋದವಳು. ಗೊತ್ತಿದ್ದೂ ಹಚ್ಚಿದ್ರೆ ಅದು ಬೇರೆ. ಆ ಸುಳಿ ಕಾರ್ಡನ್ನ ನಾನು ಓದಿದ್ದು ಎಲ್ಡನ್ ಮಣ್ಣಾದ ವಾರ. ದೀಪದ ಕಾರ್ಡು ಪಕ್ಕದಲ್ಲಿಟ್ಟು ನೋಡಿದೆ. ಓಹೋ, ಹೀಗೂ ಮಾಡಬಹುದು ಅನ್ನಿಸ್ತು. ಆ ಬುಧವಾರ ಎರಡು ಕುರ್ಚಿ ಹಾಕ್ದೆ. ಮಗಳು ಫೋನಲ್ಲಿ ನನಗೆ ತಲೆ ಸರಿಯಿಲ್ಲ ಅಂತಾಳೆ. ನಿಮ್ಮ ಕಂಪನಿ ಅದು ತಪ್ಪು ಅಂದ್ರೆ, ನಾಲ್ಕು ವರ್ಷ ನಾನು ಒಂದು ಅಚ್ಚಿನ ತಪ್ಪು ನಂಬ್ಕೊಂಡು ಒಬ್ಬನೇ ಕೂತು ಆಡಿದ ಹಾಗಾಯ್ತು.”

“ಹಾಗಾದ್ರೆ ಯಾಕೆ ಕೇಳಿದ್ರಿ? ಸುಮ್ನಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಇದು ತಪ್ಪಿರಬಹುದು ಅಂತ ಹೊಳೆದಿದ್ದು ಈಚೆಗೆ. ಕಂಡಿದ್ದನ್ನ ಕಂಡಿಲ್ಲ ಅಂತ ಇಟ್ಕೊಳಕ್ಕೆ ಬರಲ್ಲ ನನಗೆ.”

ಹೇಳಲು ಬಂದದ್ದನ್ನು ನಾನು ಹೇಳಲಿಲ್ಲ. “ಅವಳಿಗೆ ಗೊತ್ತಿತ್ತು” ಅಂದೆ. ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದು ನನಗೇ ಆಶ್ಚರ್ಯ.

ಡ್ವೇನ್ ತಲೆಯಾಡಿಸಿದರು. “ಬಾಯಲ್ಲಿ ಹೇಳಿದ್ರೆ ಆಗಲ್ಲ ಮೇಡಂ. ಅಚ್ಚಾಗಬೇಕು.”

ಸೋಮವಾರ ಆಫೀಸಿಗೆ ಹೋದವಳೇ ಕೀಗನ್‌ನ ಮುಂದೆ ಕೂತೆ. ಮುಂದಿನ ಸಂಚಿಕೆಯಲ್ಲಿ ಒಂಬತ್ತನೇ ಬಂದರಿಗೆ ಒಂದೇ ಒಂದು ಕಾರ್ಡಿತ್ತು, ‘ಆರದ ದೀಪ’. ಅದರ ಕೆಳಗೆ ನಾನು ಹೀಗೆ ಬರೆಯುತ್ತೇನೆ, ಅದು ಅಚ್ಚಾದರೆ ಹಳೆಯ ಎರಡು ಕಾರ್ಡಿನ ಜಗಳ ಮುಗಿಯುತ್ತದೆ, ಅಲ್ಲಿಯವರೆಗೆ ಸುಳಿಯನ್ನು ನಿನ್ನ ಪಟ್ಟಿಗೆ ಸೇರಿಸಬೇಡ ಎಂದೆ. ಸಾಲು ಓದಿ ಹೇಳಿದೆ: ‘ಅವನು ಬರುವುದಿಲ್ಲವೆಂದು ಓರ್ಸಾಗೆ ಗೊತ್ತು. ಎಣ್ಣೆ ಇದೆ, ಬತ್ತಿ ಇದೆ, ಸಂಜೆಯಾಗಿದೆ.’

ಕೀಗನ್ ಅದನ್ನು ಬರೆದುಕೊಂಡ. “ಚೆನ್ನಾಗಿದೆ” ಅಂದ. “ಅಚ್ಚಾದ್ರೆ ಸುಳಿ ಉಳಿಯತ್ತೆ. ಆಗದಿದ್ರೆ, ಆ ಸಂಚಿಕೆ ಬಂದ ದಿನವೇ ಪಟ್ಟಿಯಲ್ಲಿ ರದ್ದು. ಒಪ್ಪಿಗೇನಾ?”

ಒಪ್ಪಿದೆ. ವೆಂಡೆಲ್‌ನ ನಿಯಮ ಆರೂವರೆ ಸಾಲಿತ್ತು. ಅವನ ಮೇಜಿನ ಮುಂದೆ ಒಂದು ಮಧ್ಯಾಹ್ನ ನಿಂತು, ಅರ್ಧ ಸಾಲು ಕಡಿಮೆ ಮಾಡಿಸಿದೆ. “ಇಷ್ಟು ಹಠ ನೀನು ಯಾವತ್ತೂ ಮಾಡಿಲ್ಲ. ಏನು, ಯಾರನ್ನಾದ್ರೂ ಕಟ್ಕೊಂಡ್ಯಾ?” ಎಂದ. ಬಾಯಿ ಮುಚ್ಚಿಕೊಂಡು ಎರಡು ಪದ ತೆಗಿ ಎಂದೆ. ತೆಗೆದ.

ನಾವು ಬರೆದದ್ದು ಅಂಗಡಿಗೆ ಬರಲು ಹದಿನಾಲ್ಕು ತಿಂಗಳು ಬೇಕು. ಅಷ್ಟು ದಿನ ಹೊಸ ಕಾರ್ಡಿನ ವಿಷಯ ಹೊರಗಿನವರ ಹತ್ತಿರ ಎತ್ತುವಂತಿಲ್ಲ, ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿಸಿಕೊಂಡಿರುತ್ತಾರೆ. ಡ್ವೇನ್‌ಗೆ ನಾನು ಒಂದು ಗೆರೆಯನ್ನೂ ಬರೆಯಲಿಲ್ಲ. ಅವರೂ ಬರೆಯಲಿಲ್ಲ, ಉತ್ತರ ಬರುವವರೆಗೆ ತಪ್ಪು ಹಿಡಿಯುವುದಿಲ್ಲ ಎಂದಿದ್ದರಲ್ಲ.

ಆ ಹದಿನಾಲ್ಕು ತಿಂಗಳು ನಾನು ಹೇಗಿದ್ದೆನೆಂದು ಹೇಳಿಬಿಡುತ್ತೇನೆ. ಖುಷಿಯಾಗಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ, ಡಬ್ಬಿಯ ಸೂಪು ಬಿಸಿ ಮಾಡುವಾಗ, ಭಾನುವಾರ ಬಟ್ಟೆ ಒಗೆಯುವ ಅಂಗಡಿಯಲ್ಲಿ ಯಂತ್ರ ತಿರುಗುವುದನ್ನು ನೋಡುತ್ತ ಕೂತಾಗ, ಆ ಸಾಲು ನನ್ನ ಜೊತೆಗಿರುತ್ತಿತ್ತು. ಒಬ್ಬ ಮನುಷ್ಯನಿಗೆ ಬೇಕಾದ ಒಂದು ವಸ್ತು ನನ್ನ ಹತ್ತಿರ ಇದೆ, ಅದು ದಾರಿಯಲ್ಲಿದೆ, ತಲುಪುತ್ತದೆ. ಕಾರ್ಡು ಕೈಗೆ ಬಂದ ದಿನ ಡ್ವೇನ್ ಏನು ಬರೆಯಬಹುದೆಂದು ಮನಸ್ಸಿನಲ್ಲೇ ಬರೆದು ನೋಡುತ್ತಿದ್ದೆ. ಒಮ್ಮೆ ಬಂದು ಹೋಗಿ ಎಂದಾರು. ಆಡಲು ಬರುತ್ತದಾ ಎಂದು ಕೇಳಿಯಾರು. ಇಷ್ಟು ವರ್ಷ ಇದೇ ಕಂಪನಿಯ ಅನ್ನ ತಿಂದರೂ ನನಗೆ ಆಟ ಸರಿಯಾಗಿ ಬರುವುದಿಲ್ಲ. ವೆಂಡೆಲ್‌ನನ್ನು ಕೂರಿಸಿಕೊಂಡು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಲಿತೆ. ಯಾಕೆಂದು ಅವನು ಕೇಳಿದಾಗ ಸುಮ್ಮನೆ ಎಂದೆ.

ಜನವರಿಯಲ್ಲಿ ಪೆಟ್ಟಿಗೆ ಬಂತು. ನಿಂತಲ್ಲೇ ಹರಿದು ‘ಆರದ ದೀಪ’ ಹುಡುಕಿ ತೆಗೆದೆ. ಚಿತ್ರ ಇತ್ತು, ನಿಯಮ ಇತ್ತು, ಏಳು ಸಾಲು. ಕೆಳಗೆ ಚಿತ್ರಕಾರನ ಹೆಸರು. ನಡುವೆ ಏನೂ ಇರಲಿಲ್ಲ.

“ಕೊನೆ ಸಲ ಆಡಿ ನೋಡಿದಾಗ ಆ ಕಾರ್ಡು ಭಾರಿ ಜೋರಾಗಿತ್ತು” ಎಂದ ವೆಂಡೆಲ್. “ಒಂದು ಸರದಿಗೆ ಒಂದೇ ಸಲ ಅಂತ ಸೇರಿಸ್ಬೇಕಾಯ್ತು. ಒಂದು ಸಾಲು ಜಾಸ್ತಿ ಆಯ್ತು.”

“ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಯಾವತ್ತು ಹೇಳಿದೀವಿ?” ಅವನ ಮುಖದಲ್ಲಿ ಮೋಸವಿರಲಿಲ್ಲ, ಆ ಸಾಲಿನಿಂದ ಏನಾಗಬೇಕಿತ್ತೆಂದು ನಿಜಕ್ಕೂ ಅವನಿಗೆ ತಿಳಿದಿರಲಿಲ್ಲ.

ಅದೇ ಮಧ್ಯಾಹ್ನ ಪಟ್ಟಿ ಜಾಲತಾಣಕ್ಕೆ ಏರಿತು. ಸುಳಿಯ ಸಾಲು ರದ್ದು, ಬ್ರಾಮ್ ಬದುಕಿದ್ದಾನೆ. ಕೀಗನ್ ನನ್ನ ಮೇಜಿನ ಹತ್ತಿರ ಬಂದು, “ಮಾತು ಆಗಿತ್ತಲ್ವಾ ಮಾರ್ಲಿಸ್, ನನಗೂ ಬೇಜಾರೇ” ಎಂದ. ಅವನ ಮೇಲೆ ಕೂಗಾಡಲು ಕಾರಣವಿರಲಿಲ್ಲ. ಸುಮ್ಮನೆ ಕೂಗಾಡಿದೆ.

ಡ್ವೇನ್‌ಗೆ ಪತ್ರ ಬರೆದೆ. ಎಲ್ಲ ಒಪ್ಪಿಕೊಂಡೆ. ಮೊದಲಿನದು ಅವಸರದ ತಪ್ಪು, ನಿಮ್ಮ ಅಡುಗೆಮನೆಯಲ್ಲಿ ಹೇಳಿದ್ದು ಸುಳ್ಳು, ಆಮೇಲೆ ಅದನ್ನು ನಿಜ ಮಾಡಲು ಬರೆದ ಸಾಲು ಇದು, ಅದೂ ಅಚ್ಚಾಗಲಿಲ್ಲ, ನನ್ನನ್ನು ಕ್ಷಮಿಸಿ. ಆ ಎರಡು ಸಾಲನ್ನು ಕೆಳಗೆ ಬರೆದೆ. ಅಂಚೆಗೆ ಹಾಕಿದ ಮೇಲೆ ಪ್ರತಿದಿನ ಆ ಮೇಜನ್ನು ನೆನೆಸಿಕೊಂಡೆ. ಒಂದು ಕುರ್ಚಿ ಎತ್ತಿ ಮೂಲೆಗೆ ಇಟ್ಟಿರುತ್ತಾರೆ. ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿರುತ್ತಾರೆ. ಇದು ನನ್ನಿಂದ ಆದದ್ದು ಎಂಬ ಸಂಕಟದಲ್ಲಿ ಊಟ ಸೇರುತ್ತಿರಲಿಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಅದೇ ಪೆನ್ನು, ಅದೇ ನೆಟ್ಟಗಿನ ಅಕ್ಷರ.

‘ತಪ್ಪು 42: ನಿಮ್ಮ ಕಂಪನಿ ಜಾಲತಾಣದಲ್ಲಿ ಒಂದು ಪಟ್ಟಿ ಹಾಕಿದೆ ಎಂದು ತಿಳಿಯಿತು. ಪಟ್ಟಿ ಅಚ್ಚಾಗಿಲ್ಲ, ಪರದೆಯ ಮೇಲಿದೆ. ಅಚ್ಚಾದದ್ದೇ ನಿಜ ಎಂಬುದು ನಿಮ್ಮದೇ ನಿಯಮ. ದೀಪ ಅಚ್ಚಾಗಿದೆ. ಸುಳಿ ಅಚ್ಚಾಗಿದೆ. ನನ್ನ ಹತ್ತಿರ ಎರಡೂ ಇವೆ. ಆದ್ದರಿಂದ ಅವಳಿಗೆ ಗೊತ್ತಿತ್ತು. ನೀವು ಅವಸರದಲ್ಲಿ ಬರೆದಿರಿ ಎಂಬುದು ಸಂಬಂಧವಿಲ್ಲದ ವಿಷಯ, ಅದೂ ಅಚ್ಚಾಗಿಲ್ಲ. ನೀವು ಕಳಿಸಿದ ಸಾಲು ಚೆನ್ನಾಗಿದೆ, ಆದರೆ ಅಗತ್ಯವಿರಲಿಲ್ಲ. ಡ್ವೇನ್ ಓಸ್ಟರ್.’

ಎರಡು ಸಲ ಓದಿದೆ. ಗೋಡೆಯ ಮೇಲೆ ಬರೆದಿಟ್ಟುಕೊಂಡು ಕೂತ ನಮಗೆ ಹೊಳೆಯದದ್ದು ಅವರಿಗೆ ಒಂದು ಕ್ಷಣದಲ್ಲಿ ಹೊಳೆದಿತ್ತು. ಮೊದಲು ಜೋರಾಗಿ ನಕ್ಕೆ. ಕೀಗನ್‌ಗೆ ತೋರಿಸಿದೆ, ಅವನು ತಲೆ ಕೆರೆದುಕೊಂಡ. ಡ್ವೇನ್‌ಗೆ ಏನೂ ಆಗಿರಲಿಲ್ಲ, ಬುಧವಾರ ಎಲ್ಡನ್ ಮತ್ತೆ ಅವಸರಪಟ್ಟು ನುಗ್ಗುತ್ತಾನೆ. ಎದೆಯ ಭಾರ ಇಳಿಯಿತು. ಇಳಿದ ಮೇಲೆ ಅಲ್ಲಿ ಏನೂ ಉಳಿದಿಲ್ಲವೆಂದು ಸಂಜೆಯ ಬಸ್ಸಿನಲ್ಲಿ ಗೊತ್ತಾಯಿತು. ಹದಿನಾಲ್ಕು ತಿಂಗಳು ನಾನು ಹೊತ್ತುಕೊಂಡು ಓಡಾಡಿದ್ದು ಯಾರಿಗೂ ಬೇಕಾಗಿರಲಿಲ್ಲ.

ನಾಚಿಕೆ ಬಿಟ್ಟು ಮತ್ತೊಂದು ಪತ್ರ ಬರೆದೆ. ಈಗ ನನಗೆ ಆಟ ಬರುತ್ತದೆ, ಒಂದು ಬುಧವಾರ ಬರಲೇ ಎಂದು ಕೇಳಿದೆ.

ಅದಕ್ಕೂ ತಡಮಾಡದೆ ಉತ್ತರ ಬರೆದರು. ‘ಬುಧವಾರ ಬೇಡ ಮೇಡಂ, ಎಲ್ಡನ್‌ನ ಆಟವಿದೆ. ಬೇರೆ ದಿನ ಆಡಿ ನನಗೆ ಅಭ್ಯಾಸವಿಲ್ಲ. ಕೇಳಿದ್ದಕ್ಕೆ ವಂದನೆ.’

ಅಂಚೆಯ ತಟ್ಟೆಯ ಮುಂದೆ ನಿಂತು ಅದನ್ನು ಓದಿದೆ. ಸತ್ತವನೊಬ್ಬನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವನು ಮಣ್ಣಾಗಿ ಐದು ವರ್ಷ ದಾಟಿದೆ, ಆದರೂ ವಾರಕ್ಕೊಂದು ದಿನ ಅವನಿಗೆಂದು ಕುರ್ಚಿ ಎಳೆದಿಡುವವರು ಒಬ್ಬರಿದ್ದಾರೆ. ನನಗೆ ಅರವತ್ತೊಂದು, ಬದುಕಿದ್ದೇನೆ, ನನಗೆ ಅಂಥವರು ಯಾರೂ ಇಲ್ಲ.